ಕಾಲು ತಯಾರು, ಉಸಿರಿನ ಮಾತೇನು?

ಭಾನುವಾರ ಬೆಳಗಿನ ಆರು ಗಂಟೆಗೆ ಕೋಲಾರದ ಅಂತರಗಂಗೆಯ ಮೆಟ್ಟಿಲ ಬಳಿ ನಿಂತರೆ ಎರಡು ಬಗೆಯ ಜನ ಕಾಣುತ್ತಾರೆ. ಬಸವನ ಬಾಯಿಂದ ಸುರಿಯುವ ನೀರಿಗೆ ಕೈಯೊಡ್ಡಿ, ದೇವರಿಗೆ ಕೈಮುಗಿದು ಇಳಿಯುವವರು ಒಂದು ಬಗೆ. ಬೆನ್ನಿಗೆ ದೊಡ್ಡ ಚೀಲ ಬಿಗಿದು, ಅದರೊಳಗೆ ನೀರು ತುಂಬಿದ ಬಾಟಲಿಗಳನ್ನು ತುರುಕಿಕೊಂಡು, ಗುಡಿ ದಾಟಿ ಬಂಡೆಗಳ ನಡುವೆ ತೇರಹಳ್ಳಿ ಕಡೆಗೆ ಹತ್ತುವವರು ಇನ್ನೊಂದು ಬಗೆ. ಇವರು ಹತ್ತುತ್ತಾರೆ, ಇಳಿಯುತ್ತಾರೆ, ಒಂದು ಟೀ ಕುಡಿದು ಮತ್ತೆ ಹತ್ತುತ್ತಾರೆ. ಚೀಲದಲ್ಲಿ ಬಾಳೆಹಣ್ಣಿಲ್ಲ ಎಂಬುದು ಅಲ್ಲಿನ ಕೋತಿಗಳಿಗೂ ಗೊತ್ತಾಗಿಹೋಗಿದೆ.

ಮಾಲೂರಿನ ಕಾರ್ಖಾನೆಗಳಲ್ಲಿ ಪಾಳಿ ಮಾಡುವ ಹುಡುಗರು, ಮುಳಬಾಗಿಲಿನ ಮೇಷ್ಟ್ರುಗಳು, ಮಾವಿನ ಸುಗ್ಗಿ ಮುಗಿಸಿದ ಶ್ರೀನಿವಾಸಪುರದ ತೋಟದವರು, ಹೀಗೆ ಯಾರು ಬೇಕಾದರೂ ಈ ಗುಂಪಿನಲ್ಲಿರಬಹುದು. ಇವರ ಕಣ್ಣಿರುವುದು ಹಿಮಾಲಯದ ಮೇಲೆ. ಡೇರೆ, ಅಡುಗೆಯವರು, ಹೇಸರಗತ್ತೆಗಳ ದೊಡ್ಡ ದಂಡಿಲ್ಲದೆ, ಹಳ್ಳಿಮನೆಗಳಲ್ಲಿ ಉಂಡು ಮಲಗುತ್ತಲೇ 5,000 ಮೀಟರ್ ದಾಟಿ ಬರಬಹುದಾದ ಚಾರಣವೊಂದಿದೆ. ಅದು ಲಡಾಖಿನ ಮಾರ್ಖಾ ಕಣಿವೆ. ಹೆಸರು ಹಲವರು ಕೇಳಿದ್ದಾರೆ, ವಿಡಿಯೊ ನೋಡಿದ್ದಾರೆ. ಹೋಗಲು ಎಷ್ಟು ದಿನ ಬೇಕು ಎಂದು ಕೇಳಿದರೆ ಮಾತ್ರ ಉತ್ತರಗಳು ತಾಳೆಯಾಗುವುದಿಲ್ಲ. ಇಡೀ ಯೋಜನೆ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆಯೇ.

ನಮ್ಮ ಬೆಟ್ಟ ಕಲಿಸುವುದೆಷ್ಟು?

ಕೋಲಾರ ಊರು ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಸ್ವಲ್ಪ ಮೇಲಿದೆ. ಅಂತರಗಂಗೆಯ ನೆತ್ತಿ ಸುಮಾರು 1,200 ಮೀಟರ್. ನಂದಿಬೆಟ್ಟ 1,478. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930. ಇಡೀ ದಕ್ಷಿಣ ಭಾರತವನ್ನು ಜಾಲಾಡಿದರೂ ಕೇರಳದ ಆನೆಮುಡಿಯ 2,695 ಮೀಟರ್ ದಾಟಲು ಆಗುವುದಿಲ್ಲ. ಲಡಾಖಿನ ಲೇಹ್‌ನ ವಿಮಾನ ನಿಲ್ದಾಣವೇ 3,200 ಮೀಟರ್‌ಗಿಂತ ಮೇಲಿದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಎಷ್ಟು ಆಳಕ್ಕೆ ಇಳಿದಿತ್ತೋ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ವಿಮಾನ ಒಂದೇ ಬೆಳಿಗ್ಗೆ ತಂದು ಇಳಿಸಿಬಿಡುತ್ತದೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬುದು ಜನಪ್ರಿಯ ತಪ್ಪು ತಿಳಿವಳಿಕೆ. ಪಾಲು ಎಲ್ಲ ಕಡೆಯೂ ಅದೇ ಶೇ 21. ಕುಗ್ಗುವುದು ಗಾಳಿಯ ಒತ್ತಡ. ಹಾಗಾಗಿ ಅಷ್ಟೇ ದೊಡ್ಡ ಉಸಿರೆಳೆದರೂ ಒಳಗೆ ಬರುವುದು ಕಡಿಮೆ. ಸಮುದ್ರದಂಡೆಯಲ್ಲಿ ನೂರು ಸಿಗುವ ಕಡೆ ಕೋಲಾರದಲ್ಲಿ ತೊಂಬತ್ತು ಸಿಗುತ್ತದೆ, ಲೇಹ್‌ನಲ್ಲಿ ಅರವತ್ತೈದು. ಮಾರ್ಖಾ ದಾರಿಯ ಅತಿ ಎತ್ತರದ ಜಾಗವಾದ ಕೊಂಗ್ಮಾರು ಲಾ ಸುಮಾರು 5,200 ಮೀಟರ್‌ನಲ್ಲಿದೆ. ಅಲ್ಲಿ ಸಿಗುವುದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಹಾಗಾದರೆ ಅಂತರಗಂಗೆ ಹತ್ತಿಳಿಯುವುದು ದಂಡವೇ? ಖಂಡಿತ ಅಲ್ಲ. ಕೊಂಗ್ಮಾರು ಲಾ ದಾಟಿದ ದಿನ ಶಾಂಗ್ ಸುಮ್ದೊ ಹಳ್ಳಿಯವರೆಗೆ ಸುಮಾರು 1,500 ಮೀಟರ್ ಇಳಿಯಬೇಕು. ಅಂತರಗಂಗೆ ಬೆಟ್ಟವನ್ನು ಒಂದೇ ದಿನ ನಾಲ್ಕು ಸಲ ಇಳಿದಷ್ಟು. ಹತ್ತುವಾಗ ಎದೆ ಕೇಳುತ್ತದೆ, ಇಳಿಯುವಾಗ ಮಂಡಿ ಕೇಳುತ್ತದೆ. ಮಂಡಿಯ ಪಾಠಕ್ಕೆ ಆವನಿ ಬೆಟ್ಟದ ಹಾಸುಬಂಡೆ, ಟೇಕಲ್ ಗುಡ್ಡದ ಒರಟು ಕಲ್ಲು ಸಾಕು. ಮೂರು ತಿಂಗಳು ವಾರಕ್ಕೆ ನಾಲ್ಕೈದು ದಿನ ನಡಿಗೆ, ಅದರಲ್ಲಿ ಒಂದು ದಿನ ಏಳೆಂಟು ಕಿಲೊ ಹೊತ್ತು ಬೆಟ್ಟ, ತಿಂಗಳಿಗೊಮ್ಮೆ ಬೆನ್ನುಬೆನ್ನಿಗೆ ಎರಡು ದಿನ ದೀರ್ಘ ನಡಿಗೆ. ಇಷ್ಟು ಮಾಡಿದವರ ಕಾಲು ಮಾರ್ಖಾದಲ್ಲಿ ಸೋಲುವುದಿಲ್ಲ. ಹೊಸ ಬೂಟನ್ನು ಇಲ್ಲಿಯೇ ಸವೆಸಿ ಮೆತ್ತಗೆ ಮಾಡಿಕೊಳ್ಳಬೇಕು. ಲೇಹ್‌ನಲ್ಲಿ ಕೊಂಡ ಬೂಟು ಕಾಲು ಕಚ್ಚುತ್ತದೆ.

ಉಸಿರನ್ನು ಮಾತ್ರ ಇಲ್ಲಿ ಪಳಗಿಸಲಾಗದು. ಅದಕ್ಕೆ ಅಲ್ಲಿಗೇ ಹೋಗಿ, ಸುಮ್ಮನೆ ಕೂರಬೇಕು.

ಸೈನಿಕರು ತೋರಿಸಿಕೊಟ್ಟದ್ದು

1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಯೋಧರನ್ನು ಅವಸರದಲ್ಲಿ ಹಿಮಾಲಯದ ಗಡಿಗೆ ಏರಿಸಲಾಯಿತು. ಗುಂಡು ತಾಗದೆಯೂ ಜನ ಕುಸಿದರು. ಭಾರತೀಯ ವೈದ್ಯರ ತಂಡವೊಂದು 1,925 ಸೈನಿಕರ ಅವಸ್ಥೆಯನ್ನು ದಾಖಲಿಸಿ 1969ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿತು. ಎತ್ತರದ ಕಾಯಿಲೆ ಕುರಿತ ಬರಹಗಳಲ್ಲಿ ಆ ಲೇಖನದ ಪ್ರಸ್ತಾಪ ಈಗಲೂ ಬರುತ್ತದೆ.

ಕಾಯಿಲೆಯ ಮೊದಲ ಸುಳಿವು ತಲೆನೋವು. ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಅತಿಯಾದ ಸುಸ್ತು. ಇಷ್ಟಕ್ಕೇ ನಿಂತರೆ ಅಲ್ಲಿಯೇ ಒಂದೆರಡು ದಿನ ತಂಗಿದರೆ ಸರಿಹೋಗುತ್ತದೆ. ಲಕ್ಷ್ಯ ಕೊಡದೆ ಮೇಲೇರಿದರೆ ಎರಡು ದಾರಿಯಲ್ಲಿ ಕೆಡುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಕೂತಲ್ಲೇ ಏದುಸಿರು, ಕೆಮ್ಮು, ಆಮೇಲೆ ನೊರೆಗಫ. ಮಿದುಳು ಊದಿಕೊಂಡರೆ ಮಾತು ತೊದಲುತ್ತದೆ, ನಡಿಗೆ ಕುಡಿದವರಂತೆ ತಡವರಿಸುತ್ತದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಗೆರೆ ಹಿಡಿದು ನಡೆಯಲು ಹೇಳಿ ನೋಡುವುದು ಹಳೆಯ ಪರೀಕ್ಷೆ. ತಪ್ಪಿದರೆ ನಡುರಾತ್ರಿಯಾದರೂ ಆ ವ್ಯಕ್ತಿಯನ್ನು ಕೆಳಗಿಳಿಸಬೇಕು. ಆಮ್ಲಜನಕ, ಔಷಧಿಗಳೆಲ್ಲ ನೆರವಿಗಷ್ಟೇ. ಅಸಲಿ ಚಿಕಿತ್ಸೆ ಇಳಿಯುವುದು.

ಜಿಮ್ ದೇಹ ಇದ್ದವರಿಗೆ ಇದು ಬರುವುದಿಲ್ಲ ಎನ್ನುವವರಿದ್ದಾರೆ. ಹಾಗೇನಿಲ್ಲ. ದಮ್ಮಿರುವ ಹುಡುಗರು ದಡದಡ ಏರಿಬಿಡುತ್ತಾರೆ, ತಲೆನೋವನ್ನು ಮುಚ್ಚಿಡುತ್ತಾರೆ, ಎಷ್ಟೋ ಸಲ ಮೊದಲು ಮಲಗುವವರೂ ಅವರೇ. ಐವತ್ತು ದಾಟಿದ, ನಿಧಾನಕ್ಕೆ ನಡೆಯುವ ಮೇಷ್ಟ್ರು ಗಟ್ಟಿಯಾಗಿ ದಾಟಿ ಬರುವುದುಂಟು.

ಅಸಿಟಜೋಲಮೈಡ್ ಎಂಬ ಮಾತ್ರೆ ದೇಹ ಒಗ್ಗುವುದನ್ನು ಚುರುಕುಗೊಳಿಸುತ್ತದೆ. ಡೈಮಾಕ್ಸ್ ಎಂದರೆ ಔಷಧಿ ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ಬೆರಳು ಜುಮುಗುಡುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸಲ್ಫಾ ಔಷಧಿ ಒಗ್ಗದವರು ವೈದ್ಯರಿಗೆ ಮೊದಲೇ ಹೇಳಬೇಕು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತಹೀನತೆ ಇದ್ದವರು ಟಿಕೆಟ್ ಕಾಯ್ದಿರಿಸುವುದಕ್ಕೆ ಮುಂಚೆ ವೈದ್ಯರನ್ನು ಕಾಣಬೇಕು. ಟಿಕೆಟ್ ಆದ ಮೇಲೆ ಕಂಡರೆ ಯಾರೂ ವೈದ್ಯರ ಮಾತು ಕೇಳುವುದಿಲ್ಲ.

ಅಂದಹಾಗೆ, ಮನುಷ್ಯನಿಗೆ ಕಷ್ಟ ಕೊಡುವ ಅದೇ ತೆಳು, ಒಣ ಗಾಳಿ ದೂರದರ್ಶಕಕ್ಕೆ ಇಷ್ಟ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಪಕ್ಕದ ಹೊಸಕೋಟೆಯಿಂದ. ಖಗೋಳ ವಿಜ್ಞಾನಿಗಳು ಈ ಸೀಮೆಯಲ್ಲೇ ಕೂತು ಕೆಲಸ ಮುಗಿಸುತ್ತಾರೆ. ಚಾರಣಿಗರಿಗೆ ಆ ಅನುಕೂಲವಿಲ್ಲ.

ಊರಿಂದೂರಿಗೆ ಏರುವ ಲೆಕ್ಕ

3,000 ಮೀಟರ್ ದಾಟಿದ ಮೇಲೆ, ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು. ಪರ್ವತ ವೈದ್ಯರು ಹೇಳುವುದು ಇಷ್ಟೇ. ಹಗಲು ಎಷ್ಟು ಹತ್ತಿದರೂ ನಡೆಯುತ್ತದೆ, ಮಲಗುವಾಗ ಕೆಳಗಿರಬೇಕು.

ಮಾರ್ಖಾ ಕಣಿವೆಯ ಹಳ್ಳಿಗಳು ಈ ನಿಯಮಕ್ಕೆ ಅಳತೆ ಕೊಟ್ಟು ಮಾಡಿಸಿದಂತಿವೆ. ಲೇಹ್ 3,500 ಮೀಟರ್. ಅಲ್ಲಿಂದ ಜಂಸ್ಕಾರ್ ನದಿಯ ದಡದ ಚಿಲಿಂಗ್‌ಗೆ ವಾಹನದಲ್ಲಿ ಹೋಗಿ ಸ್ಕಿಯು ಹಳ್ಳಿಗೆ ನಡೆದರೆ ಅದು ಸುಮಾರು 3,400. ಮಾರನೆಯ ದಿನ ದೀರ್ಘ ನಡಿಗೆ, ಮಾರ್ಖಾ ಹಳ್ಳಿ, 3,750ರ ಆಸುಪಾಸು. ಮುಂದೆ ಹಂಕರ್, ಹೆಚ್ಚುಕಡಿಮೆ 3,950. ಕಣಿವೆಯ ಕೊನೆಯ ಊರು ಅದು.

ತೊಡಕಿರುವುದು ಅದರಾಚೆ. ಹಂಕರ್ ದಾಟಿದರೆ ಮನೆಗಳಿಲ್ಲ. ಮುಂದಿನ ತಂಗುದಾಣ ನಿಮಾಲಿಂಗ್, ಬೇಸಿಗೆಯಲ್ಲಿ ಹಳ್ಳಿಗರು ಯಾಕ್, ಕುರಿ, ಮೇಕೆಗಳನ್ನು ಮೇಯಿಸಲು ಬರುವ ಬಯಲು, ಸುಮಾರು 4,750 ಮೀಟರ್. ಕಾಂಗ್ ಯಾತ್ಸೆ ಶಿಖರ ಎದುರಿಗೇ ನಿಂತಿರುತ್ತದೆ. ಅಲ್ಲಿ ಸಿಗುವುದು ಹಳ್ಳಿಗರೇ ಹಾಕಿರುವ ಡೇರೆ. ಹಂಕರ್‌ನಿಂದ ನೇರ ಅಲ್ಲಿಗೆ ಹೋದರೆ ಒಂದೇ ಹಗಲಿನಲ್ಲಿ 800 ಮೀಟರ್ ಜಿಗಿದಂತೆ. ಅವಸರದ ಪ್ಯಾಕೇಜುಗಳು ಎಡವುವುದು ಇಲ್ಲಿಯೇ. ಹಂಕರ್‌ನಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಅಥವಾ ನಡುವಿನ ಥಚುಂಗ್ತ್ಸೆಯಲ್ಲಿ, 4,250ರ ಸುಮಾರಿನಲ್ಲಿ, ಡೇರೆಯಲ್ಲಿ ಮಲಗುವುದು ಜಾಣತನ.

ಕೋಲಾರದಿಂದ ಲೆಕ್ಕ ಹಾಕೋಣ. ದೇವನಹಳ್ಳಿಯಿಂದ ದೆಹಲಿ ಮೂಲಕ ಲೇಹ್, ಒಂದು ದಿನ. ಅಲ್ಲಿ ಎರಡು ಪೂರ್ಣ ದಿನ ವಿಶ್ರಾಂತಿ. ಶಾಂತಿ ಸ್ತೂಪದ ಮೆಟ್ಟಿಲನ್ನು ಓಡಿ ಹತ್ತುವ ಸಾಹಸ ಬೇಡ. ಕಣಿವೆಯಲ್ಲಿ ಐದು ರಾತ್ರಿ, ಆರನೆಯ ದಿನ ಕೊಂಗ್ಮಾರು ಲಾ ದಾಟಿ ಶಾಂಗ್ ಸುಮ್ದೊ. ಮಳೆಗೆ, ಕಾಯಿಲೆಗೆ, ತಪ್ಪಿದ ವಿಮಾನಕ್ಕೆ ಎರಡು ದಿನ. ವಾಪಸಿನ ಒಂದು ದಿನವೂ ಸೇರಿ ಮನೆಯಿಂದ ಮನೆಗೆ ಹನ್ನೆರಡು ದಿನ. ಎರಡು ವಾರಾಂತ್ಯ ಸೇರಿದ ಒಂಬತ್ತು ದಿನದ ರಜೆಗೆ ಇದನ್ನು ತುರುಕಲು ಹೋಗುವವರು ಮೊದಲು ಕತ್ತರಿಸುವುದು ಲೇಹ್‌ನ ವಿಶ್ರಾಂತಿಯನ್ನೇ. ಹನ್ನೆರಡು ದಿನ ಸಿಗದಿದ್ದರೆ ಲಿಕಿರ್‌ನಿಂದ ತೆಮಿಸ್‌ಗಾಂವರೆಗಿನ ಶಾಮ್ ಕಣಿವೆಯ ನಡಿಗೆ ಇದೆ. ಅಲ್ಲೂ ಹಳ್ಳಿಮನೆಗಳಿವೆ, ಎತ್ತರ 4,000 ಮೀಟರ್ ಮುಟ್ಟುವುದಿಲ್ಲ, ಖುಷಿಗೆ ಕಡಿಮೆಯಿಲ್ಲ.

ಸಮಯವಿದ್ದವರಿಗೆ ಶ್ರೀನಗರದ ರಸ್ತೆ ಇನ್ನೂ ಒಳ್ಳೆಯದು. ಕಾರ್ಗಿಲ್‌ನಲ್ಲಿ, 2,700 ಮೀಟರ್‌ಗೆ ತುಸು ಕೆಳಗೆ, ಒಂದು ರಾತ್ರಿ ಸಿಗುತ್ತದೆ. ಮನಾಲಿ ರಸ್ತೆ 5,300 ಮೀಟರ್ ದಾಟಿಸುತ್ತದೆ. ಮೊದಲ ಸಲ ಹೋಗುವವರಿಗೆ ಅದು ಬೇಡ.

ಚಿರತೆ ತಂದ ಅತಿಥಿಗಳು

ಮಾರ್ಖಾ ಕಣಿವೆ ಇರುವುದು 1981ರಲ್ಲಿ ಘೋಷಣೆಯಾದ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ. ಸುಮಾರು 4,400 ಚದರ ಕಿಲೊಮೀಟರ್ ವಿಸ್ತಾರದ ಇದು ಹಿಮಚಿರತೆಯ ಸೀಮೆ. ಚಿರತೆ ದೊಡ್ಡಿಗೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಹತ್ತಾರು ಕುರಿ ಹೋಗುತ್ತವೆ. ಸಿಟ್ಟಿಗೆದ್ದ ಹಳ್ಳಿಗರು ಚಿರತೆಯನ್ನು ಕೊಲ್ಲುತ್ತಿದ್ದರು. ಆನೆ ಬಂದು ರಾಗಿ ಹೊಲ ತುಳಿದ ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಂತ ಮಾಲೂರು, ಬಂಗಾರಪೇಟೆ ಗಡಿಯ ರೈತರಿಗೆ ಈ ಸಿಟ್ಟನ್ನು ವಿವರಿಸಬೇಕಾಗಿಲ್ಲ.

2000ದ ದಶಕದ ಆರಂಭದಲ್ಲಿ ರಿಂಚೆನ್ ವಾಂಗ್ಚುಕ್ ಮತ್ತು ಅವರ ಸ್ನೋ ಲೆಪರ್ಡ್ ಕನ್ಸರ್ವೆನ್ಸಿಯವರು ಹಳ್ಳಿಗರ ಜೊತೆ ಕೂತು ಎರಡು ಕೆಲಸ ಮಾಡಿದರು. ಚಿರತೆ ಹಾರಿ ಇಳಿಯದಂತೆ ಕುರಿದೊಡ್ಡಿಗಳ ಮೇಲೆ ತಂತಿಬಲೆ ಹೊದಿಸಿದರು. ಚಿರತೆ ನೋಡಲು, ಕಣಿವೆ ನಡೆಯಲು ಬರುವವರನ್ನು ಮನೆಗಳಲ್ಲೇ ಇರಿಸಿಕೊಳ್ಳುವ ಹೋಂಸ್ಟೇ ಏರ್ಪಾಡು ಶುರು ಮಾಡಿಸಿದರು. ಅಲ್ಲಿಯವರೆಗೆ ಚಾರಣದ ದುಡ್ಡು ಲೇಹ್‌ನ ಏಜೆನ್ಸಿಗಳಿಗೆ, ಡೇರೆಯವರಿಗೆ ಹೋಗುತ್ತಿತ್ತು. ಹಳ್ಳಿಗೆ ಉಳಿಯುತ್ತಿದ್ದುದು ಕಸ. ಈಗ ಆ ದುಡ್ಡು ಮನೆಯ ಹೆಂಗಸರ ಕೈಗೆ ಬರತೊಡಗಿತು. ಆದಾಯದ ಒಂದು ಪಾಲು ಊರಿನ ನಿಧಿಗೆ ಹೋಗುವ ಪದ್ಧತಿ ಬಂತು.

ಸರದಿಯ ಕ್ರಮವೂ ಇಂಥ ಹಲವು ಹಳ್ಳಿಗಳಲ್ಲಿದೆ. ಇಂದಿನ ಅತಿಥಿ ಈ ಮನೆಗೆ, ನಾಳೆಯವರು ಮುಂದಿನ ಮನೆಗೆ. ಇಂಥದ್ದೇ ಮನೆ ಬೇಕು, ಅದರ ಕಿಟಕಿ ಚೆನ್ನಾಗಿದೆ ಎಂದು ಹಟ ಹಿಡಿದರೆ ಒಂದು ಕುಟುಂಬದ ಸರದಿ ತಪ್ಪುತ್ತದೆ. ದರವನ್ನೂ ಸಾಮಾನ್ಯವಾಗಿ ಊರೇ ಗೊತ್ತುಮಾಡಿರುತ್ತದೆ. ರಾತ್ರಿಯೂಟ, ಬೆಳಗಿನ ತಿಂಡಿ, ದಾರಿಯ ಬುತ್ತಿ ಎಲ್ಲ ಅದರಲ್ಲಿ ಸೇರಿರುತ್ತದೆ. ಚೌಕಾಸಿ ಮಾಡುವವರು ಒಂದು ವಿಷಯ ನೆನಪಿಡಬೇಕು: ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರ್ ಹಂಕರ್‌ವರೆಗೆ ಬರುವುದೇ ಒಂದು ಚಾರಣ.

ಒಲೆಯ ಪಕ್ಕದ ಶಿಷ್ಟಾಚಾರ

ಲಡಾಖಿ ಮನೆಯ ಎದೆ ಅಡುಗೆಮನೆ. ನಡುವೆ ಕಬ್ಬಿಣದ ಒಲೆ, ಗೋಡೆಯ ಹಲಗೆಗಳ ಮೇಲೆ ಬೆಳಗಿಟ್ಟ ಹಿತ್ತಾಳೆ, ತಾಮ್ರದ ಪಾತ್ರೆಗಳ ಸಾಲು, ಗೋಡೆಯುದ್ದಕ್ಕೂ ಹಾಸು, ಮುಂದೆ ಗಿಡ್ಡ ಮೇಜು. ಹಿರಿಯರು ಒಲೆಗೆ ಹತ್ತಿರ ಕೂರುತ್ತಾರೆ. ಆ ಜಾಗವನ್ನು ಬಿಟ್ಟುಕೊಡಬೇಕು. ಒಲೆಯ ಕಡೆ ಕಾಲು ಚಾಚುವುದು, ಕಸವನ್ನು ಬೆಂಕಿಗೆಸೆಯುವುದು ಅವಮಾನ.

ಊಟದ ವಿಷಯದಲ್ಲಿ ಕೋಲಾರದವರು ಅದೃಷ್ಟವಂತರು. ಬಾರ್ಲಿ ಮತ್ತು ಬಟಾಣಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಕಟ್ಟುವ ಪಾಬಾ, ಜೊತೆಗೆ ಕಾಡುಸೊಪ್ಪು ಬೆರೆಸಿದ ಮಜ್ಜಿಗೆ ತಂಗ್‌ಥುರ್. ಮುದ್ದೆ ನುಂಗಿ ಬೆಳೆದವರಿಗೆ ಅದನ್ನು ತಿನ್ನುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ. ತರಕಾರಿಯ ಜೊತೆ ಹಿಟ್ಟಿನ ತುಣುಕು ಬೇಯಿಸಿದ ಸ್ಕ್ಯೂ, ಥುಕ್ಪಾ, ದಪ್ಪ ಖಂಬೀರ್ ರೊಟ್ಟಿ, ಉಪ್ಪು ಬೆಣ್ಣೆಯ ಚಹಾ. ಸಾರಿನ ಖಾರ ಮಾತ್ರ ಸಿಗದು. ಒಂದು ಪೊಟ್ಟಣ ಚಟ್ನಿಪುಡಿ ಚೀಲದಲ್ಲಿದ್ದರೆ ತೂಕಕ್ಕೆ ಭಾರವಲ್ಲ. ಬಾರ್ಲಿಯಿಂದ ಮಾಡಿದ ಛಾಂಗ್ ಮುಂದೆ ಇಟ್ಟರೆ ಕೊಂಗ್ಮಾರು ಲಾ ದಾಟುವವರೆಗೆ ನಯವಾಗಿ ಬೇಡ ಎನ್ನಬೇಕು. ಮದ್ಯ ಎತ್ತರದಲ್ಲಿ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತದೆ.

ನೀರಿನ ಶಿಸ್ತು ಬೇಗ ಅರ್ಥವಾಗುತ್ತದೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಬರಗಾಲಕ್ಕೆ ಹೆಸರಾದ ಕೋಲಾರದಲ್ಲಿ ಅದರ ಏಳು ಪಟ್ಟು ಬೀಳುತ್ತದೆ. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಂದು ಯಾವ ಹೊಲಕ್ಕೆ ಯಾವಾಗ ಎಂದು ನಿರ್ಧರಿಸುವ ಚುರ್ಪೋನ್ ಎಂಬಾತ ಅಲ್ಲಿನ ಹಳ್ಳಿಗಳಲ್ಲಿದ್ದಾನೆ. ನಮ್ಮ ಕೆರೆಗಳ ತೂಬಿನ ಬಳಿ ನೀರಗಂಟಿ ಮಾಡುತ್ತಿದ್ದುದು ಇದೇ ಕೆಲಸ. ನಮ್ಮಲ್ಲಿ ನೀರಗಂಟಿಗೆ ಕೆಲಸ ಉಳಿದಿರುವ ಕೆರೆಗಳನ್ನು ಹುಡುಕಬೇಕು. ಅಲ್ಲಿ ಚುರ್ಪೋನ್ ತಪ್ಪಿದರೆ ಊಟವೇ ಇಲ್ಲ. ಸ್ನಾನಕ್ಕೆ ಬಿಸಿನೀರು ಕೇಳುವ ಮುಂಚೆ ಇದನ್ನು ಯೋಚಿಸಬೇಕು. ಶೌಚಾಲಯ ಒಣಗುಂಡಿಯದು, ಒಂದು ಸಲಿಕೆ ಮಣ್ಣು ಎಳೆದರೆ ಮುಗಿಯಿತು, ಮುಂದೆ ಅದೇ ಹೊಲಕ್ಕೆ ಗೊಬ್ಬರ. ಪ್ಲಾಸ್ಟಿಕ್, ಪ್ಯಾಡು ಅದರೊಳಗೆ ಹೋದರೆ ಗೊಬ್ಬರ ಕೆಟ್ಟಂತೆ.

ಹಳ್ಳಿಗೂ ತನ್ನದೇ ಮಾತಿದೆ. ಚಾರಣಿಗರ ದಟ್ಟಣೆಯಿಂದ ನೀರಿನ ಮೂಲ ಹಾಳಾಗುತ್ತಿದೆ ಎಂದು ಸ್ತೋಕ್ ಗ್ರಾಮಸ್ಥರು 6,153 ಮೀಟರ್ ಎತ್ತರದ ಸ್ತೋಕ್ ಕಾಂಗ್ರಿ ಶಿಖರಕ್ಕೆ 2020ರಿಂದ ಬಾಗಿಲು ಹಾಕಿಸಿದರು. ಲಡಾಖಿನ ಅತಿ ಜನಪ್ರಿಯ ಶಿಖರಗಳಲ್ಲೊಂದು, ಕೈತುಂಬ ವರಮಾನ ತರುತ್ತಿದ್ದದ್ದು.

ಮಾವು ಮುಗಿಯಲಿ, ಬಾರ್ಲಿ ಮಾಗಲಿ

ಮಾರ್ಖಾ ದಾರಿ ತೆರೆದಿರುವುದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಶ್ರೀನಿವಾಸಪುರದ ಮಂಡಿಗಳಲ್ಲಿ ಜೂನ್, ಜುಲೈಯಲ್ಲಿ ಮಾವಿನ ಲಾರಿಗಳ ನಡುವೆ ಯಾರಿಗೂ ಪುರಸೊತ್ತಿಲ್ಲ. ರಾಗಿ ಕೊಯ್ಲಿಗೆ ಇನ್ನೂ ತಡ. ಹಾಗಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರಗಳು ಈ ಕಡೆಯವರಿಗೆ ಸರಿಹೊಂದುತ್ತವೆ. ಆಗಸ್ಟ್‌ನಲ್ಲಿ ಹಿಮ ಕರಗಿ ಹಳ್ಳಗಳು ಮಧ್ಯಾಹ್ನ ಉಕ್ಕುತ್ತವೆ. ದಾಟುವುದಿದ್ದರೆ ಬೆಳಿಗ್ಗೆಯೇ ದಾಟಬೇಕು. ಮೇಘಸ್ಫೋಟದ ಭಯವೂ ಇದೆ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತಮುತ್ತ ಒಂದೇ ರಾತ್ರಿಯ ಪ್ರವಾಹ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿ, ಚಳಿ ಜೋರು, ಮನೆಯವರೆಲ್ಲ ಬಾರ್ಲಿ ಕೊಯ್ಲಿನಲ್ಲಿ. ಮಧ್ಯಾಹ್ನ ಹೋದರೆ ಬಾಗಿಲಲ್ಲಿ ಯಾರೂ ಇರಲಿಕ್ಕಿಲ್ಲ, ಹೊಲದಲ್ಲಿ ಹುಡುಕಬೇಕು.

ಕಣಿವೆಯೊಳಗೆ ಎಟಿಎಂ ಇಲ್ಲ, ಫೋನಿನ ಸಿಗ್ನಲ್ ನೆಚ್ಚುವಂತಿಲ್ಲ. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಲೇಹ್‌ನಲ್ಲೇ ಸತ್ತಿರುತ್ತದೆ. ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಸಣ್ಣ ನೋಟುಗಳು, ಸ್ಥಳೀಯ ಗೈಡ್, ಹಿಂತಿರುಗುವ ದಿನಾಂಕ ತಿಳಿದ ಒಬ್ಬರು ಲೇಹ್‌ನಲ್ಲಿ, ಇನ್ನೊಬ್ಬರು ಮನೆಯಲ್ಲಿ. ಆಗಸ್ಟ್‌ನಲ್ಲೂ ನಿಮಾಲಿಂಗ್‌ನ ರಾತ್ರಿ ಸೊನ್ನೆಗಿಂತ ಕೆಳಗಿಳಿಯಬಹುದು. ಕೋಲಾರದ ಡಿಸೆಂಬರ್ ಸ್ವೆಟರು ಅಲ್ಲಿ ಒಳಪದರವಷ್ಟೇ.

ಸಹಸ್ರತಾಲ್ ಆದ ಮೇಲೆ

2024ರ ಜೂನ್ ಮೊದಲ ವಾರ. ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ, 4,000 ಮೀಟರ್‌ಗಿಂತ ಮೇಲೆ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ, ಗೈಡುಗಳೂ ಸೇರಿ 22 ಜನರ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಸತ್ತರು. ಉಳಿದ ಹದಿಮೂರು ಜನರ ರಕ್ಷಣೆಗೆ ವಾಯುಪಡೆಯ ಹೆಲಿಕಾಪ್ಟರುಗಳೂ ಬೇಕಾದವು. ಒಂದು ಕಾಲಕ್ಕೆ ಕೋಲಾರ ಜಿಲ್ಲೆಯ ವೇಮಗಲ್ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಹೋಗಿ ನಿಂತು ರಕ್ಷಣಾ ಕೆಲಸ ನೋಡಿಕೊಂಡರು. ಸತ್ತವರಲ್ಲಿ ಅನುಭವಿ ಚಾರಣಿಗರೂ ಇದ್ದರು.

ಆ ದುರಂತದ ಕಾರಣಗಳನ್ನು ಇಲ್ಲಿ ಕೂತು ತೀರ್ಮಾನಿಸುವುದು ಸಲ್ಲದು. ಆದರೆ ಹಳ್ಳಿಮನೆಗಳ ದಾರಿಗೂ ಡೇರೆಗಳ ದಾರಿಗೂ ಒಂದು ವ್ಯತ್ಯಾಸವಿದೆ. ಮಾರ್ಖಾದಲ್ಲಿ ಹಂಕರ್‌ವರೆಗೆ ಹವೆ ಕೆಟ್ಟರೆ ಕೆಲವೇ ಗಂಟೆಗಳ ನಡಿಗೆಯಲ್ಲಿ ಒಲೆ ಉರಿಯುವ ಮನೆ ಇದೆ, ಆ ಹವೆಯನ್ನು ಹುಟ್ಟಿದಾಗಿನಿಂದ ನೋಡಿದವರಿದ್ದಾರೆ. ಅವರು ಇವತ್ತು ಬೇಡ ಎಂದರೆ ಹೊರಡಬಾರದು. ನಿಮಾಲಿಂಗ್ ಮತ್ತು ಕೊಂಗ್ಮಾರು ಲಾ ನಡುವೆ ಆ ಆಸರೆಯಿಲ್ಲ. ಎರಡು ಬಿಡುವಿನ ದಿನಗಳನ್ನು ಉಳಿಸಿಕೊಂಡವರಿಗೆ ಮಾತ್ರ ಅಲ್ಲಿ ಕಾಯುವ ಧೈರ್ಯ ಬರುತ್ತದೆ. ಮಾರನೆಯ ದಿನದ ವಿಮಾನವಿದ್ದವರು ಮೋಡ ನೋಡಿಯೂ ಹೊರಡುತ್ತಾರೆ.

ರಸ್ತೆ ಬಂದಿದೆ

ಈಚಿನ ವರ್ಷಗಳಲ್ಲಿ ವಾಹನದ ರಸ್ತೆ ಚಿಲಿಂಗ್ ದಾಟಿ ಸ್ಕಿಯು ಕಡೆಗೆ, ಅಲ್ಲಿಂದ ಕಣಿವೆಯೊಳಕ್ಕೆ ಸಾಗುತ್ತಿದೆ. ನಡೆಯುವವರಿಗೆ ಬೇಸರವಾಗಬಹುದು. ಹೆರಿಗೆನೋವಿನಲ್ಲಿರುವ ಹೆಂಗಸನ್ನು ಲೇಹ್‌ನ ಆಸ್ಪತ್ರೆಗೆ ಸಾಗಿಸಬೇಕಾದ ಹಳ್ಳಿಯ ಮುಂದೆ ಆ ಬೇಸರಕ್ಕೆ ತೂಕವಿಲ್ಲ. ಆದರೂ ರಸ್ತೆಯಿಂದ ಯೋಜನೆ ಬದಲಾಗುತ್ತದೆ. ಕೆಳಗಿನ ಹಳ್ಳಿಗಳಲ್ಲಿ ರಾತ್ರಿ ಕಳೆಯದೆ ನೇರ ಮೇಲಿನ ಊರಿಗೆ ಜೀಪಿನಲ್ಲಿ ಹೋಗುವವರು ಹೆಚ್ಚಿದಷ್ಟೂ ಸ್ಕಿಯುವಿನ ಮನೆಗಳ ಸರದಿ ಖಾಲಿ ಬೀಳುತ್ತದೆ, ಜೊತೆಗೆ ದೇಹ ಒಗ್ಗಬೇಕಾದ ರಾತ್ರಿಗಳೂ ಕಡಿಮೆಯಾಗುತ್ತವೆ.

ಈ ವರ್ಷ ರಸ್ತೆ ಎಲ್ಲಿಗೆ ಮುಗಿಯುತ್ತದೆ, ಯಾವ ಸೇತುವೆ ಇದೆ, ಉದ್ಯಾನದ ಶುಲ್ಕ ಎಷ್ಟು, ನಿಮಾಲಿಂಗ್‌ನ ಡೇರೆಗಳು ಎಂದಿನವರೆಗೆ ಇರುತ್ತವೆ ಎಂಬುದನ್ನು ಲೇಹ್‌ನ ಆ ಎರಡು ವಿಶ್ರಾಂತಿಯ ದಿನಗಳಲ್ಲಿ ಕೇಳಿ ತಿಳಿದುಕೊಳ್ಳಬಹುದು. ಬೇರೆ ಕೆಲಸವೂ ಇರುವುದಿಲ್ಲ. ಜೀಪು ಮಾರ್ಖಾ ಹಳ್ಳಿಯವರೆಗೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಸ್ಕಿಯುವಿನಲ್ಲೇ ಇಳಿದು ಒಂದು ರಾತ್ರಿ ತಂಗಿ ಮಾರನೆಯ ಬೆಳಿಗ್ಗೆ ನಡೆದು ಹೋಗಬಹುದು. ಕಾಲಿಗೆ ಅದು ಆಗದೆಂದು ಜೀಪಿನಲ್ಲೇ ಮಾರ್ಖಾ ಸೇರಿದವರು ಅಲ್ಲಿ ಎರಡು ರಾತ್ರಿ ಮಲಗಿ, ನಡುವಿನ ಹಗಲಿನಲ್ಲಿ ಊರ ಮೇಲಿನ ಗೊಂಪಾದವರೆಗೆ (ಬೌದ್ಧ ಮಠ) ಹತ್ತಿಳಿದು, ಮೂರನೆಯ ದಿನ ಹಂಕರ್ ಕಡೆಗೆ ಹೊರಡಬೇಕು.